ಆರೋಗ್ಯ ವಿಚಾರ: ಹೆಬ್ಬೆರಳಿನ ಬುಡದ ನೋವು

ಕಾಲಿನ ಹೆಬ್ಬೆರಳಿನ ಬುಡದಲ್ಲಿ ನೋವು ತೋರಿದೊಡನೆ ಅದಕ್ಕೆ ವಾಯುವೆಂದು ಹೆಸರಿಟ್ಟು, ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ವಾಡಿಕೆಯು ನಮ್ಮ ಅನೇಕ ಮನೆಗಳಲ್ಲುಂಟು. ನೋವು ಬೆರಳಿನ ಮೇಲ್ಗಡೆ ಇಲ್ಲದೆ, ಕೆಳಗೆ ನೆಲಕ್ಕೆ ಊರುವೆಡೆಯಲ್ಲಿದ್ದರೆ, ಇಂತಹ ತಿಕ್ಕಾಟದಿಂದ ಅದು ಕೆರಳುವುದೇ ಹೆಚ್ಚು. ಆದುದರಿಂದ ಮೊದಲು ಕಾರಣವನ್ನರಿಯುವುದು ಲೇಸು.

ಹೆಬ್ಬೆರಳಿನ ಕೀಲಿನ ಅಡಿಯಲ್ಲಿ, ಬಟಾಣಿ ಕಾಳಿನಷ್ಟು ದಪ್ಪನಾದ 2 ಎಲುಬುಗಳು ಬೆರಳನ್ನು ಬಗ್ಗಿಸುವ ಸ್ನಾಯುರಜ್ಜುವಿನಲ್ಲಿ ಹುದುಗಿಕೊಂಡಿರುವುವು. ಗ್ರೀಕ್ ಭಾಷೆಯಲ್ಲಿ ಎಳ್ಳಿಗಿರುವ ಹೆಸರಿನಿಂದ ವೈದ್ಯರು ಇವನ್ನು ‘ಸೆಸಮಾಯ್ಡ್’ ಎಲುಬುಗಳೆನ್ನುವರು. ಮೊಣಕಾಲಿನ ಚಿಪ್ಪೂ ಇದೇ ಜಾತಿಯದು. ಬಾವಿಯ ರಾಟೆಯು ಹಗ್ಗಕ್ಕೆ ಹೇಗೋ ಹಾಗೆ ಇವು ಆ ರಜ್ಜುವಿಗೆ ನೆರವಾಗುವುವು. ಹೆಜ್ಜೆಯಿಡುವಾಗ ಮೈಭಾರವನ್ನೂ ಹೊರುವುವು. ಓಟ, ನಾಟ್ಯ, ಎತ್ತರದ ಹಿಮ್ಮಡಿಯ ಜೋಡು ಇವುಗಳಿಂದ ಭಾರವು ಮುಂಗಾಲಿನ ಮೇಲೆ ಮಿತಿಮೀರಿ ಬಿದ್ದರೆ ಆ ಭಾಗವು ಕೆರಳಿ, ನೋವು ಮೆಲ್ಲಮೆಲ್ಲನೆ ಬೆಳೆಯುವುದು. ಬೆರಳನ್ನು ಮೇಲಕ್ಕೆ ಬಾಗಿಸಿದಾಗ ಅದು ಹೆಚ್ಚುವುದು.

ಗೌಟ್ ಎಂಬ ಸಂಧಿವಾತದ ರೀತಿಯೇ ಬೇರೆ. ಅದು ಅನೇಕವೇಳೆ ರಾತ್ರಿಯಲ್ಲಿ ಒಮ್ಮೆಗೇ ತಲೆದೋರಿ, ಕೀಲು ಕೆಂಪೇರಿ ಬಾತು, ಹೊದಿಕೆಯ ಸೋಂಕನ್ನೂ ತಾಳದಂತಾಗುವುದು. ಜಿಗಿದ ಕ್ಷಣದಲ್ಲೇ ನೋವು ಹುಟ್ಟಿದರೆ ಎಲುಬು ಮುರಿದಿರಲೂಬಹುದು. ಕೆಲವರಲ್ಲಿ ಈ ಎಲುಬು ಸಹಜವಾಗಿಯೇ ಎರಡು ಭಾಗವಾಗಿರುವುದರಿಂದ, ಎಕ್ಸ್‌ರೇ ಚಿತ್ರವನ್ನು ತಿಳಿದ ವೈದ್ಯರೇ ನೋಡಿ ನಿರ್ಣಯಿಸತಕ್ಕುದು.

ಚಿಕಿತ್ಸೆಯಲ್ಲಿ ಮೊದಲನೆಯದು ವಿಶ್ರಾಂತಿ. ನೋವು ತರುವ ಕೆಲಸವನ್ನು ಕೆಲವು ವಾರ ಬಿಡಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ, ದಿನಕ್ಕೆ ಎರಡು ಮೂರು ಸಲ, 10–15 ನಿಮಿಷ ಇಡಬಹುದು. ಗಟ್ಟಿ ಅಟ್ಟೆಯ, ತಗ್ಗು ಹಿಮ್ಮಡಿಯ ಜೋಡು ಹಿತಕರ. ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲಿ ನಡೆಯಲಾಗದು. ಜೋಡಿನೊಳಗೆ ಮೆತ್ತೆಯಿಡುವವರು ಅದನ್ನು ನೋಯುವೆಡೆಗೆ ಸರಿಯಾಗಿಡದೆ, ಸ್ವಲ್ಪ ಹಿಂದಕ್ಕೆ ಇಡಬೇಕು. ಆಗಲೇ ಭಾರವು ನೋವಿನಿಂದ ತಪ್ಪುವುದು. ಮೂತ್ರಪಿಂಡದ ತೊಂದರೆಯಾಗಲಿ ಹೊಟ್ಟೆಹುಣ್ಣಾಗಲಿ ಉಳ್ಳವರು ನೋವಿನ ಗುಳಿಗೆಗಳನ್ನು ತಾವಾಗಿಯೇ ನುಂಗಬಾರದು.

ಮಧುಮೇಹಿಗಳು ವಿಶೇಷವಾಗಿ ಎಚ್ಚರದಿಂದಿರಬೇಕು. ಅವರ ಪಾದವು ಜಡವಾಗಿದ್ದರೆ ಇದೇ ಎಡೆಯಲ್ಲಿ ನೋವಿಲ್ಲದೆಯೇ ಹುಣ್ಣಾಗುವುದುಂಟು. ಅವರು ಮಂಜುಗಡ್ಡೆಯನ್ನೂ ಬಿಸಿ ಶಾಖವನ್ನೂ ದೂರವಿಟ್ಟು, ದಿನವೂ ಅಂಗಾಲನ್ನು ನೋಡಿಕೊಳ್ಳತಕ್ಕುದು. ಹುಣ್ಣು, ಜ್ವರ, ಕೆಂಪು ಬಾವು ಕಂಡರೆ, ಇಲ್ಲವೆ ಕಾಲೂರಲಾಗದಿದ್ದರೆ, ಅಂದೇ ವೈದ್ಯರ ಬಳಿಗೆ ಹೋಗಬೇಕು.

ಮನೆಗೆಲಸ ನಿಲ್ಲಬಾರದೆಂದು ಕುಂಟುತ್ತಲೇ ದುಡಿಯುವ ತಾಯಂದಿರು ಬಹಳ. ಕೆಲವು ವಾರಗಳ ವಿರಾಮಕ್ಕೆ ಹಿಂಜರಿದರೆ ತಿಂಗಳುಗಟ್ಟಲೆ ನರಳಬೇಕಾದೀತು. ಇಂಥ ಸಮಯದಲ್ಲಿ ಅವರ ಕೆಲಸವನ್ನು ಮನೆಯವರು ಹಂಚಿಕೊಳ್ಳುವುದೂ ಚಿಕಿತ್ಸೆಯ ಒಂದು ಭಾಗವೇ ಸರಿ.