‘ನಿಮ್ಮವರು’ ಎಂಬ ಒಂದು ಮಾತು

ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳು ಏರ್ಪಡಿಸಿದ್ದ ಗುರುವಂದನೆಯ ದಿನ ಊಟಕ್ಕೆ ಕುಳಿತಿದ್ದಾಗ ಪಕ್ಕದಲ್ಲಿದ್ದ ಶಿಷ್ಯನೊಬ್ಬ ನಗುತ್ತಲೇ ಕೇಳಿದ: “ಸಾರ್, ನಿಮ್ಮ ಧರ್ಮದಲ್ಲಿ ಬಹಳ ಅನುಕೂಲ ಅಲ್ಲವೇ? ತಪ್ಪು ಮಾಡಿದರೆ ಫಾದರ್ ಕಿವಿಯಲ್ಲಿ ಹೇಳಿಬಿಟ್ಟರೆ ತೀರಿತು.” ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವನು ಒಂಬತ್ತನೆಯ ತರಗತಿಯಲ್ಲಿಯೂ ಹೀಗೆಯೇ ಪ್ರಶ್ನೆ ಕೇಳುತ್ತಿದ್ದ; ಉತ್ತರ ಹೊಳೆಯದಿದ್ದಾಗ ನಾನು ಆಗಲೂ ನಗುತ್ತಿದ್ದೆ. ಆದರೆ ಅಂದು ಮನೆಗೆ ಬಂದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ.

ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ನಮಗೆ ಕಲಿಸಿದ್ದು ಬೇರೆಯೇ. ಪಾಪನಿವೇದನೆಗೆ ಐದು ಅಂಗಗಳು: ಆತ್ಮಪರೀಕ್ಷೆ, ಪಶ್ಚಾತ್ತಾಪ, ಮತ್ತೆ ಮಾಡುವುದಿಲ್ಲವೆಂಬ ದೃಢಸಂಕಲ್ಪ, ಗುರುಗಳ ಮುಂದೆ ನಿವೇದನೆ, ಪ್ರಾಯಶ್ಚಿತ್ತ. ಕದ್ದವನು ಕದ್ದದ್ದನ್ನು ಹಿಂದಿರುಗಿಸಬೇಕು, ಒಬ್ಬರ ಮಾನ ಕಳೆದವನು ಅದನ್ನು ತುಂಬಿಕೊಡಬೇಕು. ಆದರೆ ನಾವು ಮಾಡುವುದೇನು? ಮೂರು ‘ನಮೋ ಮರಿಯ’ ಹೇಳಿ ಹಗುರಾಗಿ ಮನೆಗೆ ಬರುತ್ತೇವೆ. ನೊಂದವನ ಮನೆ ದಾರಿಯಲ್ಲೇ ಇರುತ್ತದೆ, ಬಾಗಿಲು ತಟ್ಟುವುದಿಲ್ಲ. ನನ್ನ ಶಿಷ್ಯನ ಮಾತು ಶಾಸ್ತ್ರದ ದೃಷ್ಟಿಯಿಂದ ತಪ್ಪು. ನಮ್ಮ ನಡವಳಿಕೆಯ ದೃಷ್ಟಿಯಿಂದ ಅಷ್ಟೇನೂ ತಪ್ಪಲ್ಲ. ಇದನ್ನು ನಾನು ಪರರ ವಿಷಯವಾಗಿ ಹೇಳುತ್ತಿಲ್ಲ.

2020ರ ಮಾರ್ಚ್ 3ರಂದು ದೇವನಹಳ್ಳಿ ತಾಲ್ಲೂಕಿನ ದೊಡ್ಡಸಾಗರಹಳ್ಳಿಯ ಮಹಿಮಾಬೆಟ್ಟದ ಮೇಲಿದ್ದ ಯೇಸುಸ್ವಾಮಿಯ ಪ್ರತಿಮೆಯನ್ನು, ಕೆಲವು ಸಂಘಟನೆಗಳ ಆಕ್ಷೇಪದ ಬಳಿಕ, ಅಧಿಕಾರಿಗಳು ಪೊಲೀಸ್ ಬಂದೋಬಸ್ತಿನಲ್ಲಿ ತೆರವುಗೊಳಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸುಮಾರು ಹನ್ನೆರಡು ಅಡಿ ಎತ್ತರದ ಪ್ರತಿಮೆ. ಅದು ತಪಸ್ಸುಕಾಲದ ಮೊದಲನೆಯ ವಾರ. ವಿಭೂತಿ ಬುಧವಾರ ಕಳೆದು ಆರೇ ದಿನವಾಗಿತ್ತು. ಮಹಾಧರ್ಮಾಧ್ಯಕ್ಷರಾದ ಪೀಟರ್ ಮಚಾದೊ ಅವರು ಈ ಕ್ರಮವನ್ನು ಖಂಡಿಸಿ, ಆ ಊರಿನಲ್ಲಿ ಜನ ಸಾಮರಸ್ಯದಿಂದ ಬಾಳುತ್ತಿದ್ದಾರೆ, ಮತಾಂತರದ ಆರೋಪದಲ್ಲಿ ಹುರುಳಿಲ್ಲ ಎಂದು ಹೇಳಿಕೆ ನೀಡಿದರು. ನಾನು ಆ ಊರಿನವನಲ್ಲ. ಎರಡು ಬಾರಿ ಮಾತ್ರ ಬೆಟ್ಟ ಹತ್ತಿದ್ದೆ. ಆದರೂ ಕ್ರೇನಿನ ಚಿತ್ರವನ್ನು ಮೊಬೈಲಿನಲ್ಲಿ ನೋಡಿದಾಗ ಎದೆಯಲ್ಲಿ ಏನೋ ಕುಸಿದಂತಾಯಿತು. ಪ್ರತಿಮೆಯನ್ನು ತೆಗೆದ ರೀತಿ ಸರಿಯಲ್ಲವೆಂಬ ನನ್ನ ಅಭಿಪ್ರಾಯ ಅಂದಿಗೂ ಇಂದಿಗೂ ಒಂದೇ.

ಮರುದಿನ ಬೆಳಿಗ್ಗೆ ಶಿಕ್ಷಕರ ಕೊಠಡಿಯಲ್ಲಿ ನಾನು ಒಬ್ಬನೇ ಕುಳಿತಿದ್ದೆ. ನಮ್ಮ ಗಣಿತದ ಮೇಷ್ಟ್ರು ಬಂದರು. ಅವರು ಯಾರೆಂದು ನಿಮಗೆಲ್ಲ ತಿಳಿದೇ ಇದೆ. ಹೆಸರು ಬರೆಯಬೇಡಿ ಎಂದಿದ್ದಾರೆ. ಇಪ್ಪತ್ತೆರಡು ವರ್ಷ ಎದುರುಬದುರು ಮೇಜಿನಲ್ಲಿ ಕುಳಿತವರು ನಾವು. ಕ್ರಿಸ್ಮಸ್ಸಿಗೆ ನಮ್ಮ ಮನೆಯ ಕಜ್ಜಾಯ ಅವರ ಮನೆಗೆ, ಯುಗಾದಿಗೆ ಅವರ ಮನೆಯ ಬೇವುಬೆಲ್ಲ, ಒಬ್ಬಟ್ಟು ನಮ್ಮ ಮನೆಗೆ, ಮಧ್ಯೆ ಅವರ ಹಿತ್ತಲಿನ ಚಕ್ಕೋತ. ನನ್ನ ಮಗಳು ಗಣಿತದಲ್ಲಿ ಉತ್ತೀರ್ಣಳಾದದ್ದು ಅವರ ಜಗುಲಿಯ ಮೇಲೆ ಕುಳಿತು ಕಲಿತದ್ದರಿಂದ. ಅವರು “ಮೇಷ್ಟ್ರೇ, ನಿನ್ನೆ...” ಎಂದು ಬಾಯಿ ತೆರೆದರು. ನಾನು ಮಾತು ಮುಗಿಸಲು ಬಿಡಲಿಲ್ಲ. “ನಿಮ್ಮವರು ಮಾಡಿದ ಕೆಲಸ ನೋಡಿದಿರಲ್ಲ” ಎಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು ಹಾಜರಿ ಪುಸ್ತಕ ತೆಗೆದುಕೊಂಡು ಹೊರಟುಹೋದರು.

ಅದೇ ವಾರದ ಶುಕ್ರವಾರ, ಮಾರ್ಚ್ 6ರಂದು, ಪೂಜೆಗೆ ಹೋದೆ. ತಪಸ್ಸುಕಾಲದ ಮೊದಲ ವಾರದ ಶುಕ್ರವಾರ ಓದುವ ಶುಭಸಂದೇಶ ಪ್ರತಿವರ್ಷವೂ ಒಂದೇ: ಮತ್ತಾಯನ 5ನೆಯ ಅಧ್ಯಾಯ. ಪೀಠದ ಬಳಿ ಕಾಣಿಕೆಯನ್ನು ಬಿಟ್ಟು ಹೋಗಿ ಮೊದಲು ಸಹೋದರನೊಂದಿಗೆ ರಾಜಿಯಾಗು, ಆಮೇಲೆ ಬಂದು ಅರ್ಪಿಸು ಎಂಬ ಭಾಗ. ಅಂದು ಅದನ್ನು ನಾನು ಹೇಗೆ ಕೇಳಿಸಿಕೊಂಡೆನೆಂದರೆ, ಹೌದು, ಅವರು ಬಂದು ನಮ್ಮಲ್ಲಿ ಕ್ಷಮೆ ಕೇಳಬೇಕು ಎಂದು. ಅವರು ಎಂದರೆ ಯಾರು? ಆ ಪ್ರಶ್ನೆಯನ್ನು ನಾನು ಹಾಕಿಕೊಳ್ಳಲೇ ಇಲ್ಲ.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಮಾರ್ಚ್ 25ರಂದು ದೇಶಕ್ಕೇ ಬೀಗ ಬಿತ್ತು, ಅಂದೇ ಯುಗಾದಿ. ಬೇವುಬೆಲ್ಲ ಬರಲಿಲ್ಲ. ಬೀದಿಗೆ ಇಳಿದರೆ ಪೊಲೀಸರು ತಡೆಯುತ್ತಿದ್ದ ದಿನ ಯಾರ ಮನೆಗೂ ಏನೂ ಬರುವಂತಿರಲಿಲ್ಲ. ಆದರೂ ನಾನು ಲೆಕ್ಕದ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡೆ. ಏಪ್ರಿಲ್ 12ರ ಈಸ್ಟರ್ ಹಬ್ಬವನ್ನು ದೂರದರ್ಶನದ ಮುಂದೆ ಆಚರಿಸಿದೆವು. ಅದೇ ವರ್ಷ, ಬೀಳ್ಕೊಡುಗೆಯ ಸಭೆಯಿಲ್ಲದೆ ನಾನು ನಿವೃತ್ತನಾದೆ. ಅವರು ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಎರಡು ವರ್ಷ ಹೀಗೆಯೇ ಕಳೆಯಿತು. ಈ ನಡುವೆ ಪಾಪನಿವೇದನೆಗೆ ಹಲವು ಬಾರಿ ಹೋಗಿದ್ದೇನೆ. ಕೋಪ ಮಾಡಿಕೊಂಡೆ, ಪ್ರಾರ್ಥನೆ ತಪ್ಪಿಸಿದೆ ಎಂದೆಲ್ಲ ಹೇಳಿದ್ದೇನೆ. ಇದನ್ನು ಹೇಳಲಿಲ್ಲ. ಇದು ಪಾಪವೆಂದು ನನಗೆ ಅನಿಸಿಯೇ ಇರಲಿಲ್ಲ. ನೊಂದವನು ನಾನು ತಾನೆ!

2022ರ ಮಾರ್ಚ್ 11ರಂದು ಮತ್ತೆ ಅದೇ ಶುಕ್ರವಾರ, ಅದೇ ವಾಚನ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ವಿಭಕ್ತಿ ಪ್ರತ್ಯಯ ಕಲಿಸಿದ ನನಗೆ ಆ ವಾಕ್ಯದ ವ್ಯಾಕರಣ ಮೊದಲ ಬಾರಿಗೆ ಅರ್ಥವಾಯಿತು. ಅಲ್ಲಿ ಹೇಳಿರುವುದು ‘ನಿನಗೆ ಸಹೋದರನ ಮೇಲೆ ಮನಸ್ತಾಪವಿದ್ದರೆ’ ಎಂದಲ್ಲ. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ ಎಂದು. ನಾನು ಎಷ್ಟು ನೊಂದಿದ್ದೇನೆಂಬುದನ್ನು ಆ ವಾಕ್ಯ ಕೇಳುವುದೇ ಇಲ್ಲ. ನನ್ನಿಂದ ನೊಂದು ಕುಳಿತವನು ಯಾರೆಂದು ಕೇಳುತ್ತದೆ. ಕೂಡಲೇ ಕಣ್ಣ ಮುಂದೆ ಬಂದದ್ದು ಹಾಜರಿ ಪುಸ್ತಕ ಹಿಡಿದ ಗಣಿತದ ಮೇಷ್ಟ್ರು.

ಇಲ್ಲಿ ಒಂದು ಮಾತು ಹೇಳಬೇಕು, ಕನ್ನಡ ಮೇಷ್ಟರ ಹಳೆಯ ಚಟವೆಂದು ಸಹಿಸಿಕೊಳ್ಳಿ. ನಮ್ಮ ಸೀಮೆಯಲ್ಲಿ ತೆಲುಗು ಬಲ್ಲವರು ಬಹಳ. ತೆಲುಗಿನಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ: ಕೇಳುವವನನ್ನೂ ಸೇರಿಸಿಕೊಂಡರೆ ‘ಮನಮು’, ಅವನನ್ನು ಹೊರಗಿಟ್ಟರೆ ‘ಮೇಮು’. ತಮಿಳಿನಲ್ಲಿಯೂ ‘ನಾಮ್’, ‘ನಾಂಗಳ್’ ಎಂಬ ಭೇದವಿದೆ. ಇಂದಿನ ಕನ್ನಡದಲ್ಲಿ ಒಂದೇ ‘ನಾವು’. ಎದುರಿಗಿರುವವನು ಒಳಗೋ ಹೊರಗೋ ಎಂಬುದನ್ನು ನಮ್ಮ ಸರ್ವನಾಮ ಹೇಳುವುದಿಲ್ಲ. ಹೇಳುವವನ ಮನಸ್ಸೇ ತೀರ್ಮಾನಿಸಬೇಕು. ಇಪ್ಪತ್ತೆರಡು ವರ್ಷ ‘ನಾವು’ ಆಗಿದ್ದವರನ್ನು ನಾನು ಒಂದೇ ಪದದಿಂದ ಆಚೆ ನೂಕಿದ್ದೆ, ಅದೂ ಅವರು ಮಾಡದ ಕೆಲಸಕ್ಕಾಗಿ.

ಸುವಾರ್ತೆ ಹೇಳಿದಂತೆ ಕಾಣಿಕೆ ಬಿಟ್ಟು ಎದ್ದುಹೋದೆನೆಂದು ಭಾವಿಸಬೇಡಿ. ಹೋದದ್ದು ಎಂಟು ದಿನಗಳ ನಂತರ. ಗುರುಗಳ ಮುಂದೆ ಮಂಡಿಯೂರುವುದಕ್ಕಿಂತ ಸ್ನೇಹಿತನ ಗೇಟಿನ ಚಿಲಕ ತೆಗೆಯುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಪಾಪನಿವೇದನೆಯ ಪೀಠದಲ್ಲಿ ಕ್ಷಮೆ ದೊರೆಯುತ್ತದೆಂಬ ಭರವಸೆ ಮೊದಲೇ ಇರುತ್ತದೆ, ಇಲ್ಲಿ ಅದಿಲ್ಲ. ಅವರ ಮನೆಯಾಕೆ “ಬನ್ನಿ ಅಣ್ಣ, ಎಷ್ಟು ದಿನವಾಯಿತು” ಎಂದು ಒಳಗೆ ಕರೆದರು. ಮೇಷ್ಟ್ರು ಪತ್ರಿಕೆ ಮಡಿಸಿಟ್ಟರು. ಹೇಳಬೇಕಾದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಅವತ್ತು ನನಗೂ ಬೇಜಾರಾಗಿದೆ ಅಂತ ಹೇಳೋಕೆ ಬಂದಿದ್ದೆ ಮೇಷ್ಟ್ರೇ. ನೀವು ಹಾಗೆಂದ ಮೇಲೆ ಏನು ಹೇಳಲಿ?” ಎಂದರು.

ಎಲ್ಲವೂ ಮೊದಲಿನಂತಾಯಿತೇ? ಇಲ್ಲ. ಸರ್ಕಾರಿ ಜಾಗದಲ್ಲಿ ಯಾವ ಮತದವರು ಏನು ಕಟ್ಟಿದರೂ ಒಂದು ದಿನ ತೊಂದರೆ ತಪ್ಪಿದ್ದಲ್ಲವೆಂಬುದು ಅವರ ವಾದ. ನಮ್ಮ ಸೀಮೆಯಲ್ಲಿ ಹಾಗಿರುವ ಗುಡಿಗೋಪುರಗಳೆಷ್ಟು, ಕ್ರೇನು ಬಂದದ್ದು ಎಲ್ಲಿಗೆ ಎಂಬುದು ನನ್ನ ವಾದ. ಈ ವಾದ ಇನ್ನೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ಆದರೆ ಈಗ ಅದು ಜಗುಲಿಯ ಮೇಲೆ, ಕಾಫಿಯ ಲೋಟ ಹಿಡಿದು ನಡೆಯುತ್ತದೆ. ಕ್ಷಮೆ ಕೇಳುವುದೆಂದರೆ ನ್ಯಾಯದ ಪ್ರಶ್ನೆಯನ್ನು ಕೈಬಿಡುವುದೆಂದು ನಮ್ಮ ಯುವಕರಲ್ಲಿ ಕೆಲವರು ತಿಳಿದಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಪ್ರತಿಮೆಯ ವಿಷಯ ಬೇರೆ, ನನ್ನ ನಾಲಗೆಯ ವಿಷಯ ಬೇರೆ. ಒಂದರ ನೆಪದಲ್ಲಿ ಇನ್ನೊಂದನ್ನು ಮುಚ್ಚಿಟ್ಟವನು ನಾನು.

ಸಾಮರಸ್ಯದ ಹೆಸರಿನಲ್ಲಿ ನಾವು ನಡೆಸುವ ಸಭೆಗಳ ಬಗ್ಗೆ ನನಗೆ ಮೊದಲಿದ್ದ ಉತ್ಸಾಹ ಈಗ ಇಲ್ಲ. ಮೂರು ಮತದ ಮುಖಂಡರು ಕೂಡಿ ದೀಪ ಬೆಳಗುವುದು, ಶಾಲು ಹೊದಿಸುವುದು, ಚಿತ್ರ ತೆಗೆಸಿಕೊಳ್ಳುವುದು. ತಪ್ಪೇನೂ ಇಲ್ಲ, ಆದರೆ ಆ ವೇದಿಕೆಯ ಮೇಲೆ ಯಾರೂ ಯಾರಿಂದಲೂ ನೊಂದವರಲ್ಲ. ಇನ್ನು ನಮ್ಮೊಳಗೇ ಏನು ಕಡಿಮೆ? ಪೂಜೆ ಕನ್ನಡದಲ್ಲಿರಬೇಕೋ ತಮಿಳಿನಲ್ಲೋ ಕೊಂಕಣಿಯಲ್ಲೋ ಎಂದು ಬೆಂಗಳೂರು ಮಹಾಧರ್ಮಕ್ಷೇತ್ರದಲ್ಲಿ ದಶಕಗಳ ಕಾಲ ನಡೆದ ಕಲಹದಲ್ಲಿ ‘ನಿಮ್ಮವರು’ ಎಂಬ ಪದ ಒಂದೇ ಪೀಠದ ಎರಡು ಬದಿಯಿಂದ ಹಾರಾಡಿದ್ದನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಕನ್ನಡದ ಹಕ್ಕಿನ ಪರವಾಗಿ ನಾನೂ ಸಹಿ ಹಾಕಿದವನೇ. ಸಹಿಗೆ ಪಶ್ಚಾತ್ತಾಪವಿಲ್ಲ, ಆಡಿದ ಕೆಲವು ಮಾತುಗಳಿಗೆ ಇದೆ.

2025ರ ಏಪ್ರಿಲ್ 21ರಂದು ನಮ್ಮನ್ನಗಲಿದ ಪೋಪ್ ಫ್ರಾನ್ಸಿಸರು ಭ್ರಾತೃತ್ವ ಮತ್ತು ಸಾಮಾಜಿಕ ಸ್ನೇಹವನ್ನು ಕುರಿತ ತಮ್ಮ ವಿಶ್ವಪತ್ರ ‘ಫ್ರಾತೆಲ್ಲಿ ತುತ್ತಿ’ಗೆ 2020ರ ಅಕ್ಟೋಬರ್ 3ರಂದು ಅಸ್ಸಿಸಿಯಲ್ಲಿ ಸಹಿ ಹಾಕಿದರು. ಯುದ್ಧ, ವಲಸೆ, ರಾಜಕಾರಣವೆಂಬ ದೊಡ್ಡ ವಿಷಯಗಳ ನಡುವೆ ಅವರು ‘ಕ್ಷಮಿಸಿ’, ‘ಧನ್ಯವಾದ’ ಎನ್ನುವುದಕ್ಕೂ ಜನರಿಗೆ ಪುರುಸೊತ್ತಿಲ್ಲವೆಂಬ ಸಣ್ಣ ವಿಷಯಕ್ಕೂ ಜಾಗ ಕೊಟ್ಟಿದ್ದಾರೆ. ಮೊದಲು ಓದಿದಾಗ ಇಷ್ಟು ದೊಡ್ಡ ಪತ್ರದಲ್ಲಿ ಇದೇಕೆ ಎಂದುಕೊಂಡಿದ್ದೆ.

ಪರಮಪ್ರಸಾದಕ್ಕೆ ಮುಂಚೆ ನಾವು ಪರಸ್ಪರ ಶಾಂತಿ ಕೋರುತ್ತೇವೆ. ಪಾಶ್ಚಾತ್ಯರು ಕೈಕುಲುಕುತ್ತಾರೆ, ಆಲಂಗಿಸುತ್ತಾರೆ, ನಾವು ಕೈಮುಗಿಯುತ್ತೇವೆ. ಈ ಅಂಜಲಿ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟ ಭಾರತೀಯ ಅಳವಡಿಕೆಯ ಹನ್ನೆರಡು ಅಂಶಗಳಲ್ಲೊಂದು. ನಮ್ಮ ನೆರೆಹೊರೆಯಿಂದಲೇ ದೇವಾಲಯದೊಳಕ್ಕೆ ಬಂದ ನಮಸ್ಕಾರ ಅದು. ಈಗ ಭಾನುವಾರ ಬಲಕ್ಕೂ ಎಡಕ್ಕೂ ತಿರುಗಿ ಕೈಮುಗಿಯುವಾಗ, ಆ ಸಾಲಿನಲ್ಲಿ ಇರದವರೊಬ್ಬರು ನೆನಪಾಗುತ್ತಾರೆ.

2022ರ ಏಪ್ರಿಲ್ 2ರಂದು ಯುಗಾದಿ. ತಪಸ್ಸುಕಾಲದಲ್ಲಿ ಸಿಹಿ ಮುಟ್ಟುವುದಿಲ್ಲವೆಂಬ ನೇಮ ನನ್ನದು. ಬೆಳಿಗ್ಗೆಯೇ ಬೇವುಬೆಲ್ಲ ಬಂತು, ಜೊತೆಗೆ ಒಬ್ಬಟ್ಟು. ಎರಡನ್ನೂ ತಿಂದೆ.

ಈ ಬರಹವನ್ನು ಮೇಷ್ಟರಿಗೆ ಮೊದಲೇ ಓದಿ ತೋರಿಸಿದೆ. ಪೂರ್ತಿ ಕೇಳಿ, “ಒಂದು ಬಿಟ್ಟಿದ್ದೀರಿ” ಎಂದರು. “ಅವತ್ತು ಹಾಗೆಂದು ನೀವು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡಿರಿ. ಅದನ್ನೂ ಬರೆಯಿರಿ.” ಬರೆದಿದ್ದೇನೆ.