ಪುಸ್ತಕದ ರಾಶಿಯೂ ಪ್ರಶ್ನೆಪತ್ರಿಕೆಯೂ

ನಮ್ಮ ನೆರೆಮನೆಯ ರಾಯರು ಮಿತವ್ಯಯಕ್ಕೆ ಹೆಸರಾದವರು. ಕಾಫಿಪುಡಿಯನ್ನು ಸಹ ಒಮ್ಮೆಗೆ ಕಾಲು ಕಿಲೋಗಿಂತ ಹೆಚ್ಚಾಗಿ ತಂದವರಲ್ಲ. ಅಂಥವರು ಈಚೆಗೆ ಒಂದು ಭಾನುವಾರ ಆಟೋರಿಕ್ಷಾದಿಂದ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿಕೊಳ್ಳುತ್ತಿದ್ದುದನ್ನು ಕಂಡು ನನಗೆ ಆಶ್ಚರ್ಯವಾಯಿತು. ವಿಚಾರಿಸಿದಾಗ, ಪೆಟ್ಟಿಗೆಗಳ ತುಂಬ ಗಣಿತದ ಪುಸ್ತಕಗಳೆಂದು ತಿಳಿಯಿತು. ಅವರ ಮಗಳು ಬಿ.ಎಸ್‌ಸಿ. ಕಡೆಯ ವರ್ಷದಲ್ಲಿದ್ದಾಳೆ, ಬರುವ ಫೆಬ್ರವರಿಯಲ್ಲಿ ‘ಜ್ಯಾಮ್’ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂದಿದ್ದಾಳೆ.

ಈ ಹೆಸರು ಕೇಳಿ ಬ್ರೆಡ್ಡಿಗೆ ಹಚ್ಚುವ ವಸ್ತುವನ್ನು ನೆನೆಯುವ ವಾಚಕರಿಗಾಗಿ ಒಂದು ಮಾತು. ಐ.ಐ.ಟಿ.ಗಳಲ್ಲಿ ಎಂ.ಎಸ್‌ಸಿ. ಓದಲು, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪದವಿಯ ಬೆನ್ನಿಗೇ ಸಂಶೋಧನೆಯ ದಾರಿ ಹಿಡಿಯಲು, ಬಿ.ಎಸ್‌ಸಿ. ಆದವರು ದಾಟಬೇಕಾದ ಹೊಸ್ತಿಲು ಇದು. ಮೂರು ಗಂಟೆ, ಅರವತ್ತು ಪ್ರಶ್ನೆ, ನೂರು ಅಂಕ. ಬರೆಯುವುದು ಕಾಗದದ ಮೇಲಲ್ಲ, ಕಂಪ್ಯೂಟರಿನ ಮುಂದೆ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಗಣಿತ ಹೇಳಿದವನೆಂಬ ಒಂದೇ ಕಾರಣದಿಂದ ಆ ಸಂಜೆ ರಾಯರಿಂದ ಕರೆ ಬಂದಿತು. ನಡುಮನೆಯ ಜಮಖಾನದ ಮೇಲೆ ಪುಸ್ತಕಗಳನ್ನು ಹರಡಿದ್ದರು. ಎಣಿಸಿದೆ: ಹದಿನೇಳು. ಅದರ ಮೇಲೆ ಯಾವುದೋ ಕೋಚಿಂಗ್ ಕ್ಲಾಸಿನವರ ಟಿಪ್ಪಣಿಗಳ ಜೆರಾಕ್ಸ್ ಕಟ್ಟು ಬೇರೆ. ಹುಡುಗಿ ಗೋಡೆಗೊರಗಿ ಕುಳಿತಿದ್ದಳು. ಮದುವೆಮನೆಯಲ್ಲಿ ನೂರು ಎಲೆಗೆ ಬಡಿಸಲು ಒಬ್ಬಳನ್ನೇ ಬಿಟ್ಟರೆ ಮುಖ ಹೇಗಾದೀತೋ ಹಾಗಿತ್ತು ಅವಳ ಮುಖ.

“ಮೇಷ್ಟ್ರೇ, ಇವುಗಳಲ್ಲಿ ಯಾವುದನ್ನು ಮೊದಲು ಓದಬೇಕು, ಹೇಳಿ. ಇನ್ನೂ ಯಾವುದಾದರೂ ಬೇಕಿದ್ದರೆ ಅದನ್ನೂ ತರಿಸುತ್ತೇನೆ,” ಎಂದರು ರಾಯರು.

ಅವರ ಆತುರಕ್ಕೆ ಕಾರಣವಿತ್ತು. ಬರುವ ವರ್ಷ ಅವರಿಗೆ ನಿವೃತ್ತಿ. ಈ ಸಲ ಸೀಟು ದೊರೆಯದಿದ್ದರೆ ಮಗಳನ್ನು ಬಿ.ಇಡಿ.ಗೆ ಸೇರಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿದೆ. ಬಿ.ಇಡಿ. ಕೀಳೆಂದಲ್ಲ; ಆದರೆ ಹುಡುಗಿಯ ಮನಸ್ಸು ಅಲ್ಲಿಲ್ಲ. ಎರಡನೆಯ ಅವಕಾಶವಿಲ್ಲವೆಂಬ ಅರಿವಿನಿಂದಲೇ ತಂದೆ ಅಂಗಡಿಯವನು ತೋರಿಸಿದ್ದನ್ನೆಲ್ಲ ಹೊತ್ತು ತಂದಿದ್ದರು.

“ಪ್ರಶ್ನೆಪತ್ರಿಕೆ ಎಲ್ಲಿದೆ?” ಎಂದೆ.

ಇರಲಿಲ್ಲ. ಹದಿನೇಳು ಪುಸ್ತಕಗಳಿದ್ದ ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಒಂದೂ ಇರಲಿಲ್ಲ! ಬೀಗ ಯಾವುದೆಂದು ನೋಡದೆಯೆ ಬೀಗದ ಕೈಗಳ ಗೊಂಚಲು ಕೊಂಡಂತಾಯಿತು. ಪರೀಕ್ಷೆ ನಡೆಸುವವರು ಹಳೆಯ ಪತ್ರಿಕೆಗಳನ್ನೂ ಸರಿಯುತ್ತರಗಳನ್ನೂ ತಮ್ಮ ಅಂತರಜಾಲ ತಾಣದಲ್ಲಿ ಬಿಟ್ಟಿಯಾಗಿಯೇ ಕೊಡುತ್ತಾರೆ. ಹುಡುಗಿ ಹತ್ತು ನಿಮಿಷದಲ್ಲಿ ತನ್ನ ಫೋನಿನಲ್ಲೇ ನಾಲ್ಕು ವರ್ಷದವನ್ನು ಇಳಿಸಿಕೊಂಡಳು.

ಪತ್ರಿಕೆಯಲ್ಲಿ ಮೂರು ಭಾಗಗಳು. ಮೊದಲನೆಯದರಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ತಪ್ಪಿದರೆ ಆ ಪ್ರಶ್ನೆಯ ಅಂಕದಲ್ಲಿ ಮೂರನೆಯ ಒಂದು ಪಾಲು ದಂಡ. ಮೂರನೆಯದರಲ್ಲಿ ಲೆಕ್ಕಮಾಡಿ ಬಂದ ಸಂಖ್ಯೆಯನ್ನು ತುಂಬಬೇಕು. ಗುಂಡಿಗೆ ನಡುಗಿಸುವುದು ನಡುವಣ ಹತ್ತು ಪ್ರಶ್ನೆಗಳು. ಅಲ್ಲಿ ಸರಿಯುತ್ತರ ಒಂದಿರಬಹುದು, ಎರಡಿರಬಹುದು, ನಾಲ್ಕೂ ಇರಬಹುದು. ಸರಿಯಾದವನ್ನೆಲ್ಲ ಗುರುತಿಸಿ, ತಪ್ಪಾದ ಒಂದನ್ನೂ ಗುರುತಿಸದಿದ್ದರೆ ಎರಡು ಅಂಕ, ಇಲ್ಲದಿದ್ದರೆ ಸೊನ್ನೆ.

ಆ ಮಾದರಿಯ ಒಂದು ಪ್ರಶ್ನೆಯನ್ನು ನಾನೇ ಕಟ್ಟಿ ಹುಡುಗಿಯ ಮುಂದಿಟ್ಟೆ. ಧನಸಂಖ್ಯೆಗಳ ಒಂದು ಅನಂತ ಶ್ರೇಣಿಯಿದೆ; ಕೂಡುತ್ತ ಹೋದರೆ ಮೊತ್ತ ಒಂದು ನಿಶ್ಚಿತ ಸಂಖ್ಯೆಯನ್ನು ಸಮೀಪಿಸುತ್ತದೆ. ಪದಗಳನ್ನು ವರ್ಗ ಮಾಡಿ ಕೂಡಿದರೂ ಹಾಗೆಯೇ ಆಗುವುದೆ? ವರ್ಗಮೂಲ ತೆಗೆದು ಕೂಡಿದರೆ?

“ಎರಡೂ ಹೌದು, ಮಾಮ. ಪದಗಳೆಲ್ಲ ಚಿಕ್ಕವಾಗುತ್ತ ಹೋಗುತ್ತವಲ್ಲ,” ಎಂದಳು.

“1, 1/4, 1/9, 1/16 ಎಂಬ ಶ್ರೇಣಿಯನ್ನು ತೆಗೆದುಕೋ. ಮೂಲ ತೆಗೆದರೆ ಏನಾಯಿತು?”

“1, 1/2, 1/3, 1/4...” ಎಂದು ಹೇಳುತ್ತಲೇ ನಾಲಿಗೆ ಕಚ್ಚಿಕೊಂಡಳು. ಅದರ ಮೊತ್ತ ಎಲ್ಲೆ ಮೀರಿ ಬೆಳೆಯುತ್ತದೆಂಬುದು ಅವಳು ಕಾಲೇಜಿನಲ್ಲಿ ಎರಡು ಸಲ ಬರೆದು ಅಂಕ ಪಡೆದ ವಿಷಯ!

ಸೂತ್ರಗಳ ಗೈಡಿನಲ್ಲಿ ಇದಕ್ಕೆ ಸೂತ್ರವಿಲ್ಲ. ಒಂದಕ್ಕಿಂತ ಕಿರಿದಾದ ಧನಸಂಖ್ಯೆಯನ್ನು ವರ್ಗ ಮಾಡಿದರೆ ಅದು ಇನ್ನೂ ಕಿರಿದಾಗುತ್ತದೆ, ಮೂಲ ತೆಗೆದರೆ ಹಿರಿದಾಗುತ್ತದೆ. ವರ್ಗದ ಮಾತು ಏಕೆ ನಿಜವೆಂದು ಒಮ್ಮೆ ತಾನೇ ಸಾಧಿಸಿ ನೋಡಿದವಳಿಗೆ ಮೂಲದ ಮಾತು ಏಕೆ ಸುಳ್ಳೆಂಬುದು ಆ ಕ್ಷಣವೇ ಹೊಳೆಯುತ್ತದೆ. ‘ಧನಸಂಖ್ಯೆ’ ಎಂಬ ಮಾತನ್ನು ಕಿತ್ತುಹಾಕಿದರೆ ವರ್ಗದ ಮಾತೂ ನಿಲ್ಲುವುದಿಲ್ಲ. ಪ್ರಮೇಯವನ್ನು ಒಪ್ಪಿಸುವವರನ್ನು ಈ ಪತ್ರಿಕೆ ಹುಡುಕುತ್ತಿಲ್ಲ; ಪ್ರಮೇಯದ ಒಂದು ಷರತ್ತು ತೆಗೆದರೆ ಎಲ್ಲಿ ಕುಸಿಯುತ್ತದೆಂದು ಬಲ್ಲವರನ್ನು ಹುಡುಕುತ್ತಿದೆ. ಪುಸ್ತಕವನ್ನು ಆರಿಸಬೇಕಾದದ್ದು ಈ ಕಣ್ಣಿನಿಂದ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ತಾರುಣ್ಯದಲ್ಲಿ ಒಂದು ಸಂಶೋಧನ ಸಂಸ್ಥೆಯ ಸಂದರ್ಶನಕ್ಕೆ ಹೋಗಿದ್ದೆ. ಏಕರೂಪ ಸಾಂತತ್ಯದ ವ್ಯಾಖ್ಯೆಯನ್ನು ಕೇಳಿದರು, ಮಂತ್ರದಂತೆ ಒಪ್ಪಿಸಿದೆ. “ಎಲ್ಲೆಡೆ ಸಂತತವಾಗಿದ್ದೂ ಏಕರೂಪವಾಗಿ ಸಂತತವಲ್ಲದ ಒಂದು ಫಲನವನ್ನು ಹೇಳಿ,” ಎಂದರು. ಸಂಖ್ಯೆಯನ್ನು ಅದರಿಂದಲೇ ಗುಣಿಸುವ, ಹೈಸ್ಕೂಲಿನ ಹುಡುಗರೂ ಬಲ್ಲ ಫಲನವನ್ನು ಹೇಳಿದ್ದರೆ ಸಾಕಾಗಿತ್ತು. ನನಗೆ ಹೊಳೆಯಲಿಲ್ಲ. ಮರುದಿನ ರೈಲಿನಲ್ಲಿ ಹೊಳೆಯಿತು. ಆದರೆ ರೈಲು ಊರ ಕಡೆಗೆ ಹೊರಟಿತ್ತು.

ಇರಲಿ. ಆ ಸಂಜೆ ಜಮಖಾನದ ಮೇಲಿನ ರಾಶಿಯನ್ನು ವಿಂಗಡಿಸತೊಡಗಿದೆವು.

ವಿಶ್ಲೇಷಣೆಗೆ ರುಡಿನ್ ಅವರ ತೆಳ್ಳನೆಯ ಪ್ರಸಿದ್ಧ ಪುಸ್ತಕವಿತ್ತು. ಮೂವತ್ತರ ಆಸುಪಾಸಿನ ತರುಣ ಅಧ್ಯಾಪಕರು ಬರೆದು, 1953ರಲ್ಲಿ ಮೊದಲು ಅಚ್ಚಾಗಿ, ಇಂದಿಗೂ ಗಣಿತಜ್ಞರ ಕಪಾಟಿನಲ್ಲಿರುವ ಗ್ರಂಥ. ಆದರೆ ಅದರಲ್ಲಿ ಒಂದು ವಾಕ್ಯದ ಹಿಂದೆ ಅರ್ಧ ದಿನದ ಚಿಂತನೆ ಅಡಗಿರುತ್ತದೆ. ಐದು ತಿಂಗಳು ಉಳಿದಿರುವವರು ಅದರಿಂದ ಆರಂಭಿಸಿದರೆ ಎರಡನೆಯ ಅಧ್ಯಾಯದಲ್ಲೇ ಫೆಬ್ರವರಿ ಬರುತ್ತದೆ. ಅದನ್ನು ಎತ್ತಿಟ್ಟು, ಬಾರ್ಟಲ್ ಮತ್ತು ಶೆರ್ಬರ್ಟ್ ಅವರ ಪುಸ್ತಕವನ್ನು ಅವಳ ಕೈಗಿತ್ತೆ. ಉದಾಹರಣೆಗಳೂ ಬಿಡಿಸಬಲ್ಲ ಅಭ್ಯಾಸಗಳೂ ಅದರಲ್ಲಿ ಧಾರಾಳವಾಗಿವೆ. ಅಜಿತ್ ಕುಮಾರ್ ಮತ್ತು ಕುಮರೇಸನ್ ಅವರದೂ ಒಳ್ಳೆಯ ಆಯ್ಕೆಯೇ. ನಮ್ಮ ದೇಶದ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆಂದು ಬಲ್ಲವರು ಬರೆದದ್ದು. ಆದರೆ ಎರಡರಲ್ಲಿ ಒಂದೇ ಸಾಕು.

ಬೀಜಗಣಿತಕ್ಕೆ ಮೂರು ದಪ್ಪ ಗ್ರಂಥಗಳಿದ್ದವು. ಪಠ್ಯಸೂಚಿಯನ್ನು ತೆರೆದು ನೋಡಿದರೆ ಈ ಪರೀಕ್ಷೆಗೆ ಬೇಕಾದದ್ದು ಗ್ರೂಪುಗಳ ಸಿದ್ಧಾಂತವಷ್ಟೆ. ರಿಂಗು, ಫೀಲ್ಡುಗಳ ಪ್ರಸ್ತಾಪವೇ ಇಲ್ಲ. ಹರ್ಸ್ಟೈನ್ ಅವರ 1964ರ ಪುಸ್ತಕದ ಕಠಿಣ ಅಭ್ಯಾಸಗಳು ನನಗೆ ಪ್ರಾಣ. ಆದರೂ ಹುಡುಗಿಗೆ ಕೊಟ್ಟದ್ದು ಗ್ಯಾಲಿಯನ್ ಅವರದು, ಅದರಲ್ಲೂ ಗ್ರೂಪುಗಳ ಭಾಗ ಮಾತ್ರ. ಚಿಕ್ಕ ಚಿಕ್ಕ ಗ್ರೂಪುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಲು ಅದು ಕಲಿಸುತ್ತದೆ.

ರೇಖೀಯ ಬೀಜಗಣಿತದಲ್ಲಿ ಒಂದು ಎಚ್ಚರ ಬೇಕು. ಆ್ಯಕ್ಸ್ಲರ್ ಅವರ ಪುಸ್ತಕದ ನಾಲ್ಕನೆಯ ಆವೃತ್ತಿ ಅಂತರಜಾಲದಲ್ಲಿ ಧರ್ಮಸಮ್ಮತವಾಗಿಯೇ ಉಚಿತವಾಗಿ ದೊರೆಯುತ್ತದೆ. ಸೊಗಸಾದ ಪುಸ್ತಕ. ಆದರೆ ಅವರು ನಿರ್ಧಾರಕಗಳನ್ನು ಬೇಕೆಂದೇ ಕಡೆಯ ಅಧ್ಯಾಯಕ್ಕೆ ತಳ್ಳಿದ್ದಾರೆ. ಪರೀಕ್ಷೆಯವರೋ ನಿರ್ಧಾರಕವನ್ನೂ ಮಾತೃಕೆಯ ದರ್ಜೆಯನ್ನೂ ಮೊದಲೇ ಕೇಳುತ್ತಾರೆ. ಆದ್ದರಿಂದ ಅದರ ಜೊತೆಗೆ ಕಾಲೇಜಿನ ಹಳೆಯ ಪಠ್ಯವನ್ನೂ ಇಟ್ಟುಕೊಳ್ಳಬೇಕು. ಅವಕಲ ಸಮೀಕರಣಗಳಿಗೂ ಹಲವು ಚರಗಳ ಕಲನಕ್ಕೂ ಆ ಪಠ್ಯಗಳೇ ಸಾಕು.

ರಾಯರಿಗೆ ಜೆರಾಕ್ಸ್ ಕಟ್ಟಿನ ಮೇಲೆ ಅಭಿಮಾನ ಹೋಗಲಿಲ್ಲ. “ರಾಮಾನುಜನ್ ಕೂಡ ಒಂದು ಗೈಡು ಓದಿಯೇ ಮೇಲೆ ಬಂದರಂತಲ್ಲ, ಮೇಷ್ಟ್ರೇ!” ಎಂದರು.

ಮಾತು ಪೂರ್ತಿ ಸುಳ್ಳಲ್ಲ. ಕುಂಭಕೋಣದಲ್ಲಿ 1903ರ ಸುಮಾರಿಗೆ ಅವರ ಕೈಗೆ ಬಂದ ಕಾರ್ ಎಂಬವರ ‘ಸಿನಾಪ್ಸಿಸ್’ ಪರೀಕ್ಷಾರ್ಥಿಗಳಿಗಾಗಿ ಪಾಠ ಹೇಳುತ್ತಿದ್ದವರೊಬ್ಬರು ಕಟ್ಟಿದ ಸಂಗ್ರಹವೇ. ಸಾವಿರಾರು ಫಲಿತಾಂಶಗಳು, ಸಾಧನೆಗಳೋ ಅತ್ಯಲ್ಪ. ರಾಮಾನುಜನ್ನರು ಆ ಸಾಧನೆಗಳನ್ನು ತಾವೇ ಕಂಡುಕೊಳ್ಳುತ್ತ ಕುಳಿತರು. “ಆದರೆ ರಾಯರೆ, ಆ ಗೈಡು ಓದಿದ ಮೇಲೆ ಅವರು ಎಫ್.ಎ. ಪರೀಕ್ಷೆಯಲ್ಲಿ ನಪಾಸಾದರು,” ಎಂದೆ. ಒಳಗಿನಿಂದ ರಾಯರ ಮನೆಯವರು ನಕ್ಕದ್ದು ಕೇಳಿಸಿತು.

ಹೊರಡುವಾಗ ಹುಡುಗಿಗೆ ಇನ್ನೊಂದು ಕೆಲಸ ಹೇಳಿದೆ. ಜ್ಯಾಮ್ ಪರೀಕ್ಷೆಯ ಆರಂಭದ ವರ್ಷಗಳಲ್ಲಿ ವಿವರವಾಗಿ ಬರೆಯಬೇಕಾದ ಪ್ರಶ್ನೆಗಳೂ ಇದ್ದವು. ಈಗ ಕೇಳುವುದಿಲ್ಲವೆಂದು ಅವನ್ನು ಬಿಡಕೂಡದು. ವಾರಕ್ಕೆ ಎರಡನ್ನಾದರೂ ಪೂರ್ಣವಾಗಿ ಬರೆಯಬೇಕು. ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಎಂ.ಮ್ಯಾಥ್. ಪ್ರವೇಶಕ್ಕೆ ಹೋಗುವುದಾದರೆ ಅಲ್ಲಿ ಸಾಧನೆಗಳನ್ನು ಬರೆದೇ ತೋರಿಸಬೇಕು. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರಲಿ ಎಂಬುದು ನನ್ನ ಆಸೆ. ಇದರ ಜೊತೆಗೆ ನೂರು ಪುಟದ ಒಂದು ನೋಟುಬುಕ್ಕು. ಅದರಲ್ಲಿ ‘ಹೀಗೂ ಕೆಡಬಹುದು’ ಎಂಬ ಉದಾಹರಣೆಗಳು ಮಾತ್ರ.

ಮೊನ್ನೆ ಭಾನುವಾರ ಅವಳು ಆ ನೋಟುಬುಕ್ಕನ್ನು ಹಿಡಿದು ಬಂದಳು. ಹನ್ನೊಂದು ಪುಟ ತುಂಬಿತ್ತು. ಗೈಡಿನ ಒಂದು ಪ್ರಶ್ನೆಗೆ ಕೊಟ್ಟಿರುವ ಉತ್ತರ ತಪ್ಪೆಂದು ಅವಳ ವಾದ. ಗೈಡಿನವರು ಇರಲಾರದೆಂದ ಒಂದು ಗ್ರೂಪನ್ನು ಅವಳು ಕಟ್ಟಿಯೇ ತಂದಿದ್ದಳು. ನಾನು ಕನ್ನಡಕ ಹಾಕಿಕೊಂಡು ಮುಕ್ಕಾಲು ಗಂಟೆ ಕುಳಿತು ನೋಡಿದೆ. ಅವಳದೇ ಸರಿ.

ಮಿಕ್ಕ ಪುಸ್ತಕಗಳನ್ನು ರಾಯರು ಅಂಗಡಿಗೆ ಹಿಂದಿರುಗಿಸಲು ಹೋಗಿದ್ದರು. ಹಣ ವಾಪಸು ಕೊಡುವುದಿಲ್ಲ, ಬೇಕಾದರೆ ಬೇರೆ ಪುಸ್ತಕ ಒಯ್ಯಿರಿ ಎಂದನಂತೆ ಅಂಗಡಿಯವನು. ಈಗ ಅವರ ಮನೆಯಲ್ಲಿ ಅಡುಗೆಯ ಪುಸ್ತಕಗಳೇ ಆರು ಬಂದಿವೆಯೆಂದು ಕೇಳಿದ್ದೇನೆ. ರುಡಿನ್ ಮಾತ್ರ ಹಿಂದಿರುಗಿಲ್ಲ. ಫೆಬ್ರವರಿ ಕಳೆದ ಮೇಲೆ ಬೇಕೆಂದು ಹುಡುಗಿ ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ.