ಹಳಿ ಹೋದರೂ ನೆಲ ಹೋಗಬಾರದು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಹೋಬಳಿಯ ರೈತನು ತನ್ನ ತೋಟದ ಕೊಬ್ಬರಿಯನ್ನು ತಿಪಟೂರಿನ ಪೇಟೆಗೆ ಒಯ್ಯಬೇಕಾದರೆ ರಸ್ತೆಯೊಂದೇ ಗತಿ. ಹಿಂದೆ ಎತ್ತಿನ ಗಾಡಿಯಿತ್ತು, ಈಗ ಲಾರಿಯಿದೆ. ಬಂಡಿ ಬದಲಾಯಿತೇ ಹೊರತು ದಾರಿ ಬದಲಾಗಲಿಲ್ಲ. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿಯು 1884ರಲ್ಲಿ ತುಮಕೂರನ್ನೂ 1889ರಲ್ಲಿ ಹರಿಹರವನ್ನೂ ಮುಟ್ಟಿತು. ತಿಪಟೂರು ಆ ದಾರಿಗೆ ಸಿಕ್ಕಿತು, ಕಂದಿಕೆರೆ ಸಿಕ್ಕಲಿಲ್ಲ. ಒಂದು ಊರು ದೊಡ್ಡ ಪೇಟೆಯಾಗುವುದಕ್ಕೂ ಇನ್ನೊಂದು ಹಳ್ಳಿಯಾಗಿಯೇ ಉಳಿಯುವುದಕ್ಕೂ ರೈಲೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಅದು ಅಲ್ಪವಾದ ಕಾರಣವಲ್ಲವೆಂಬುದು ವ್ಯಾಪಾರ ಬಲ್ಲವರಿಗೆಲ್ಲ ತಿಳಿದ ಸಂಗತಿ. ರೈಲನ್ನೇ ಪಡೆಯದ ಸೀಮೆಯವರು, ಪಡೆದ ರೈಲನ್ನು ಕಳೆದುಕೊಂಡ ಸೀಮೆಗಳ ಕಥೆಯನ್ನು ಅರಿತಿರುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಹೆಬ್ಬಳಿಗೆ ದೂರವಾದ ಊರುಗಳಿಗೂ ರೈಲಿನ ಅನುಕೂಲ ದೊರೆಯಲೆಂದು ಮೈಸೂರು ಸಂಸ್ಥಾನದಲ್ಲಿ ಕಿರುಹಳಿಗಳು ಹುಟ್ಟಿದುವು. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್ ಹಳಿ ತೆರೆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಚಿಂತಾಮಣಿ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕಗಳು ಅಂತಹ ಹಳಿಯಿಂದಲೇ ಒಂದಕ್ಕೊಂದು ಸೇರಿಕೊಂಡವು. ಕಿರುಹಳಿಗೆ ಬೇಕಾದ ನೆಲ ಕಡಿಮೆ, ಎಂಜಿನ್ ಚಿಕ್ಕದು, ತಿರುವು ಎಷ್ಟಾದರೂ ಬಾಧಕವಿಲ್ಲ. ಆದುದರಿಂದ ವೆಚ್ಚವೂ ಅಲ್ಪ. ಬಡ ಸೀಮೆಗೆ ತಕ್ಕ ಬಂಡಿ ಅದು. ನಂದಿ ಹಾಲ್ಟಿನ ಸ್ಟೇಷನ್ ಕಟ್ಟಡವು ನೂರು ವರ್ಷ ಕಳೆದರೂ ನಿಂತಿದ್ದು ಆ ಕಾಲದವರ ಶ್ರದ್ಧೆಗೆ ಸಾಕ್ಷಿ ಹೇಳುತ್ತಿದೆ.

ಈ ಹಳಿಗಳಲ್ಲಿ ದೋಷವಿರಲಿಲ್ಲವೆಂದು ನಾವು ವಾದಿಸುವುದಿಲ್ಲ. ಬೌರಿಂಗ್‌ಪೇಟೆಯಲ್ಲಿ ಅದಕ್ಕೆ ಎದುರಾದುದು ಬ್ರಾಡ್ ಗೇಜ್, ಯಶವಂತಪುರದ ಕಡೆ ಎದುರಾದುದು ಮೀಟರ್ ಗೇಜ್. ಎರಡು ತುದಿಯಲ್ಲಿಯೂ ಮೂಟೆಗಳನ್ನು ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಾಗಿತ್ತು. ಅದರ ಕೂಲಿಯನ್ನೂ ಕಾಲಹರಣವನ್ನೂ ಸಹಿಸಲಾರದ ವರ್ತಕನು ಲಾರಿಯನ್ನು ಹಿಡಿದನು. ಪ್ರಯಾಣಿಕನು ಬಸ್ಸನ್ನು ಹತ್ತಿದನು. 1992ರಲ್ಲಿ ದೇಶಕ್ಕೆಲ್ಲ ಒಂದೇ ಗೇಜ್ ಇರಬೇಕೆಂಬ ಯೋಜನೆಯನ್ನು ರೈಲ್ವೆ ಇಲಾಖೆಯವರು ಕೈಗೊಂಡರು. ಆ ನೀತಿಯು ತತ್ತ್ವತಃ ಸರಿಯಾದುದೇ.

ಆದರೆ ನೀತಿ ಸರಿಯಾದ ಮಾತ್ರಕ್ಕೆ ಅದನ್ನು ನಡೆಸಿದ ಕ್ರಮವೂ ಸರಿಯಾಯಿತೆಂದು ಹೇಳಲಾಗದು. ಕೋಲಾರ ಚಿಕ್ಕಬಳ್ಳಾಪುರಗಳ ನಡುವಣ ಕಿರುಗಾಡಿ 1990ರ ದಶಕದಲ್ಲಿ ನಿಂತಿತು. ಬ್ರಾಡ್ ಗೇಜ್ ಹಳಿಯ ಮೇಲೆ ಅಲ್ಲಿ ಮತ್ತೆ ಗಾಡಿ ಓಡಿದುದು 2013ರ ನವೆಂಬರಿನಲ್ಲಿ. ಹೊಸಪೇಟೆ ಕೊಟ್ಟೂರುಗಳ ಮೀಟರ್ ಗೇಜ್ ದಾರಿಯಲ್ಲಿ ಅದೇ ದಶಕದಲ್ಲಿ ನಿಂತ ಪ್ರಯಾಣಿಕರ ಗಾಡಿ ಮರಳಿ ಬಂದುದು 2019ರಲ್ಲಿ. ಗಾಡಿ ನಿಂತಾಗ ಶಾಲೆಗೆ ಸೇರಿದ ಮಗುವು, ಗಾಡಿ ಬರುವ ವೇಳೆಗೆ ಸಂಸಾರವಂದಿಗನಾಗಿದ್ದನು. ಇಷ್ಟು ಕಾಲ ಕಾದ ಪ್ರಜೆಗಳಿಗೆ ಯಾರು ಯಾವ ಉತ್ತರ ಹೇಳಬಲ್ಲರು?

ಆದರೂ ಆ ಎರಡು ಸೀಮೆಗಳು ಒಂದು ವಿಷಯದಲ್ಲಿ ಭಾಗ್ಯಶಾಲಿಗಳು. ಹಳಿ ಕಿತ್ತರೂ ಅಲ್ಲಿ ದಾರಿಯ ನೆಲ ಉಳಿದಿತ್ತು. ಉಳಿದುದರಿಂದಲೇ ಹೊಸ ಹಳಿ ಬಂದಿತು. ತರೀಕೆರೆಯಿಂದ ಮಲೆನಾಡಿನ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಎರಡಡಿ ಹಳಿಗೆ ಆ ಭಾಗ್ಯವಿರಲಿಲ್ಲ. ಅದು ಮುಚ್ಚಿತು, ಅದರ ಸ್ಥಾನಕ್ಕೆ ಬೇರೊಂದು ಹಳಿ ಬರಲಿಲ್ಲ. ನರಸಿಂಹರಾಜಪುರಕ್ಕೆ ಇಂದಿಗೂ ರೈಲಿಲ್ಲ. ಹಳಿಯೆಂಬುದು ಕಬ್ಬಿಣ, ಹಣವಿದ್ದರೆ ಮತ್ತೆ ಹಾಕಬಹುದು. ಊರಿಂದೂರಿಗೆ ಕಡಿಯದೆ ಸಾಗಿದ ನೆಲದ ಪಟ್ಟಿಯು ಒಮ್ಮೆ ಹೊಲವಾಗಿ, ಮನೆಯಾಗಿ ಹಂಚಿಹೋದರೆ ಅದನ್ನು ಮತ್ತೆ ಕೂಡಿಸುವುದು ಅಸಾಧ್ಯಪ್ರಾಯವೇ ಸರಿ.

ಶಾಖಾ ಮಾರ್ಗಗಳಿಂದ ನಷ್ಟವೆಂಬುದು ಅಧಿಕಾರಿಗಳ ವಾದ. ಲೆಕ್ಕ ಸುಳ್ಳಲ್ಲ, ಆದರೆ ಅಪೂರ್ಣ. ಕೊಂಬೆಯಿಂದ ಬಂದ ಪ್ರಯಾಣಿಕನೂ ಮೂಟೆಯೂ ಹೆಬ್ಬಳಿಯ ಮೇಲೆ ನೂರಾರು ಮೈಲಿ ಸಾಗುವಾಗ ಬರುವ ಆದಾಯವನ್ನು ಹೆಬ್ಬಳಿಯ ಖಾತೆಗೆ ಬರೆದು, ಕೊಂಬೆಯ ಖಾತೆಗೆ ವೆಚ್ಚವನ್ನು ಮಾತ್ರ ಬರೆದರೆ, ಯಾವ ಕೊಂಬೆ ತಾನೇ ಲಾಭ ತೋರೀತು? ರಸ್ತೆಯಿಂದ ಎಷ್ಟು ಲಾಭ ಬಂದಿತೆಂದು ಯಾರೂ ಕೇಳುವುದಿಲ್ಲ. ರೈಲನ್ನು ಮಾತ್ರ ಅಂಗಡಿಯ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?

ಇದು ದೂರದ ಮಾತೆಂದು ತೆಂಗಿನ ಸೀಮೆಯವರು ಸುಮ್ಮನಿರಲಾಗದು. ಹಳಿಯನ್ನು ಕೀಳದೆಯೂ ರೈಲನ್ನು ದೂರಮಾಡಬಹುದು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ನಿಮಿತ್ತ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತುವಷ್ಟೆ. ಅನಂತರ ಅನೇಕ ಪ್ಯಾಸೆಂಜರ್ ಗಾಡಿಗಳು ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ ಮರಳಿದುವು. ಹತ್ತು ರೂಪಾಯಿಯಿದ್ದ ಕನಿಷ್ಠ ದರ ಮೂವತ್ತಾಯಿತು. ಹಳೆಯ ದರ ಮತ್ತೆ ಬಂದುದು 2024ರಲ್ಲಿ. ಅಮ್ಮಸಂದ್ರ, ಬಾಣಸಂದ್ರ, ಕರಡಿಯಂತಹ ಚಿಕ್ಕ ಸ್ಟೇಷನ್ನುಗಳಿಗೆ ನಿಲ್ಲುವ ಗಾಡಿಯೇ ಪ್ರಾಣ. ಗಾಡಿ ನಿಲ್ಲದ ಸ್ಟೇಷನ್ನಿಗೂ ಮುಚ್ಚಿದ ಸ್ಟೇಷನ್ನಿಗೂ ಹಳ್ಳಿಯವನ ಪಾಲಿಗೆ ವ್ಯತ್ಯಾಸವೇನು?

ನಾವು ಕೇಳುವುದು ಹೆಚ್ಚಿನದೇನೂ ಅಲ್ಲ. ಯಾವ ಹಳಿಯನ್ನಾದರೂ ನಿಲ್ಲಿಸುವ ಮೊದಲು, ಹೊಸ ಗಾಡಿ ಓಡುವ ದಿನವನ್ನು ನಿಶ್ಚಯಿಸಿ ಪ್ರಕಟಿಸಬೇಕು. ನಡುವಣ ಕಾಲಕ್ಕೆ ಅದೇ ದರದಲ್ಲಿ ಬಸ್ಸನ್ನು ಒದಗಿಸಬೇಕು. ಹಳಿ ಮತ್ತೆ ಬಾರದೆಂದು ತೀರ್ಮಾನವಾದ ಕಡೆಯಲ್ಲಿಯೂ ನೆಲವನ್ನು ಮಾರದೆ, ಒತ್ತುವರಿಯಾಗಗೊಡದೆ, ಸಾರ್ವಜನಿಕರ ಸ್ವತ್ತಾಗಿ ಕಾಯ್ದಿಡಬೇಕು. ಆ ಪಟ್ಟಿಯನ್ನು ನಮ್ಮ ಹಿರಿಯರು ಮುಂದಾಲೋಚನೆಯಿಂದ ಕೂಡಿಸಿದರು. ಅದನ್ನು ಚೂರು ಮಾಡುವ ಅಧಿಕಾರ ಒಂದು ತಲೆಮಾರಿಗೆ ಇಲ್ಲ. ಕಂದಿಕೆರೆಯವನು ನೆಡುವ ತೆಂಗಿನ ಸಸಿಯ ಫಲವನ್ನು ಉಣ್ಣುವವರು ಬಹುಪಾಲು ಅವನ ಮಕ್ಕಳು. ಆ ದೃಷ್ಟಿಯು ರೈತನಿಗೆ ಸಹಜವಾಗಿರುವಾಗ, ಸರ್ಕಾರದವರಿಗೆ ದುರ್ಲಭವಾಗಬಾರದೆಂದು ಆಶಿಸುತ್ತೇವೆ.